ಬೇಕಾದ ವಾಕ್ಯ, ಬೇಡವಾದ ಅಧ್ಯಾಯ

1938ರ ಶರತ್ಕಾಲದಲ್ಲಿ ಜರ್ಮನಿಯ ಗೊಟಿಂಗನ್ ಊರಿನ ಒಂದು ಖಾಲಿ ಮನೆಯಲ್ಲಿ ಕೂತು ಜರ್ಮನ್ ದೇವಶಾಸ್ತ್ರಿ ಡೀಟ್ರಿಚ್ ಬಾನ್‌ಹೋಫರ್ ನಾಲ್ಕೇ ವಾರಗಳಲ್ಲಿ ಒಂದು ಪುಟ್ಟ ಪುಸ್ತಕ ಬರೆದು ಮುಗಿಸಿದ. ಆ ಮನೆ ಅವನ ಅವಳಿ ಸೋದರಿ ಸಬೀನೆಯದು. ಅವಳ ಗಂಡ ಯೆಹೂದ್ಯ ಮೂಲದವನಾದ್ದರಿಂದ ಇಡೀ ಕುಟುಂಬ ಆಗಷ್ಟೇ ದೇಶ ಬಿಟ್ಟು ಹೋಗಿತ್ತು. ಬಾನ್‌ಹೋಫರ್ ನಡೆಸುತ್ತಿದ್ದ ಫಿಂಕನ್‌ವಾಲ್ಡೆಯ ಸೆಮಿನರಿಗೆ ಹಿಂದಿನ ವರ್ಷವೇ ಗೆಸ್ಟಾಪೊ ಬೀಗ ಹಾಕಿಸಿತ್ತು. ಅಲ್ಲಿ ತಾನೂ ಶಿಷ್ಯರೂ ಕೂಡಿ ಬಾಳಿದ ಬಗೆಯನ್ನು, ಅದರಲ್ಲೂ ಕೂಡಿ ಓದಿದ ಬಗೆಯನ್ನು ಅವನು ಬರೆದಿಟ್ಟ. 1939ರಲ್ಲಿ ಪ್ರಕಟವಾದ ಆ ಪುಸ್ತಕ ನಮ್ಮಲ್ಲಿ ‘ಲೈಫ್ ಟುಗೆದರ್’ ಎಂಬ ಇಂಗ್ಲಿಷ್ ಹೆಸರಿನಿಂದಲೇ ಪರಿಚಿತ. ಪಾಲಕರಾಗಲು ಓದುವವರು ಅದನ್ನು ಸಹೋದರಪ್ರೀತಿಯ ಪಾಠವೆಂದು ಓದುತ್ತಾರೆ. ನನಗೆ ಅದು ಮೊದಲಿಗೆ ಬೈಬಲನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬುದರ ಪುಸ್ತಕ.

ಪ್ರತಿದಿನ ಬೈಬಲ್ ಓದಿದರೆ ಶೋಧನೆಯನ್ನು ಎದುರಿಸುವ ಬಲ ಬರುತ್ತದೆ, ಸತ್ಯ ಯಾವುದು ಸುಳ್ಳು ಯಾವುದು ಎಂದು ತಿಳಿಯುತ್ತದೆ ಎಂಬ ಮಾತನ್ನು ಹೇಳದ ಸಭೆಯಿಲ್ಲ. ಭಾನುವಾರದ ಶಾಲೆಯ ಮಗುವಿನಿಂದ ಹಿಡಿದು ಹಿರಿಯ ಸಭಾಪಾಲಕರವರೆಗೆ ಎಲ್ಲರ ಬಾಯಲ್ಲೂ ಇದೆ. ಆದರೆ ಯಾವ ಓದು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಓದುಗ ತನಗೆ ಹಿತವಾದದ್ದನ್ನು ಆರಿಸಿಕೊಂಡು ದಿನವೂ ಓದುತ್ತಾ ಹೋದರೆ ಆ ಓದು ಅವನನ್ನು ಯಾವ ಶೋಧನೆಯಿಂದಲೂ ಕಾಯುವುದಿಲ್ಲ; ಅವನ ಆಸೆಗೆ ದೇವರ ಮಾತಿನ ಬೆಂಬಲ ಒದಗಿಸುತ್ತದೆ ಅಷ್ಟೇ. ಇದು ನನ್ನ ವಾದ. ಇದಕ್ಕೆ ಬಾನ್‌ಹೋಫರನ ಬರಹವೂ ಬದುಕೂ ಎರಡೂ ಸಾಕ್ಷಿಯಾಗಿವೆ, ಅವನು ಎಡವಿದ ಕಡೆಯೂ ಸೇರಿ.

ಫಿಂಕನ್‌ವಾಲ್ಡೆ ಆಗ ಸ್ಟೆಟ್ಟಿನ್ ನಗರದ ಹತ್ತಿರದ ಊರು, ಇಂದು ಪೋಲೆಂಡಿನಲ್ಲಿದೆ. 1935ರಿಂದ 1937ರವರೆಗೆ ಅಲ್ಲಿ ದಿನ ಶುರುವಾಗುತ್ತಿದ್ದದ್ದೂ ಮುಗಿಯುತ್ತಿದ್ದದ್ದೂ ಊಟದ ಮೇಜಿನ ಸುತ್ತ ನಡೆಯುವ ದೀರ್ಘ ಆರಾಧನೆಯಲ್ಲಿ. ಕೀರ್ತನೆಗಳು, ಹಳೆಯ ಒಡಂಬಡಿಕೆಯ ಪಾಠ, ಹೊಸ ಒಡಂಬಡಿಕೆಯ ಪಾಠ, ಎಲ್ಲವೂ ಕ್ರಮವಾಗಿ, ನಿನ್ನೆ ಬಿಟ್ಟಲ್ಲಿಂದ ಇಂದಿಗೆ. ಬೆಳಗಿನ ಆರಾಧನೆಯಾದ ಮೇಲೆ ಅರ್ಧ ಗಂಟೆ ಮೌನ ಧ್ಯಾನ. ಅದಕ್ಕೆ ವಾರಪೂರ್ತಿ ಒಂದೇ ಚಿಕ್ಕ ಭಾಗ. ಧ್ಯಾನದ ಹೊತ್ತಿನಲ್ಲಿ ವ್ಯಾಖ್ಯಾನ ಗ್ರಂಥ ತೆರೆಯುವಂತಿಲ್ಲ, ಬರುವ ಭಾನುವಾರದ ಪ್ರಸಂಗಕ್ಕೆ ಟಿಪ್ಪಣಿ ಮಾಡಿಕೊಳ್ಳುವಂತಿಲ್ಲ. ಶಿಷ್ಯರಿಗೆ ಇದು ಹಿಡಿಸಲಿಲ್ಲ. ಕೆಲವರು ನಿದ್ದೆ ಹೋದರು, ಕೆಲವರ ಮನಸ್ಸು ಎಲ್ಲೆಲ್ಲೋ ಅಲೆಯಿತು ಎಂದು ಅವರಲ್ಲೇ ಒಬ್ಬನಾಗಿದ್ದ, ಮುಂದೆ ಬಾನ್‌ಹೋಫರನ ಜೀವನಚರಿತ್ರೆ ಬರೆದ ಎಬರ್ಹಾರ್ಡ್ ಬೆಟ್ಗೆ ದಾಖಲಿಸಿದ್ದಾನೆ. ಹೊರಗಿನವರಿಗೂ ಅನುಮಾನ. ಕಾರ್ಲ್ ಬಾರ್ತ್‌ನಂಥ ದೊಡ್ಡ ದೇವಶಾಸ್ತ್ರಿಯೇ 1936ರಲ್ಲಿ ಪತ್ರ ಬರೆದು, ಇದರಲ್ಲಿ ಮಠದ ವಾಸನೆ ಬರುತ್ತಿದೆಯಲ್ಲ ಎಂದು ತನ್ನ ಅಳುಕು ತೋಡಿಕೊಂಡ. ಆ ಅಳುಕು ಪೂರ್ತಿ ಹುಸಿಯೇನಲ್ಲ. ಭಕ್ತಿಯ ಶಿಸ್ತು ಬಹುಬೇಗ ಭಕ್ತಿಯ ಹೆಮ್ಮೆಯಾಗುತ್ತದೆ. ಆದರೂ ಈ ವಿಷಯದಲ್ಲಿ ನಾನು ಬಾನ್‌ಹೋಫರನ ಪಕ್ಷ. ಆ ಶಿಸ್ತಿನ ತಿರುಳು ಮೌನದಲ್ಲಿರಲಿಲ್ಲ, ಕ್ರಮದಲ್ಲಿತ್ತು. ಇಂದು ಯಾವ ಅಧ್ಯಾಯ ಬೇಕು ಎಂದು ಕೇಳುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ.

ಪುಸ್ತಕದಲ್ಲಿ ಅವನು ಇದನ್ನು ಖಡಾಖಂಡಿತವಾಗಿಯೇ ಹೇಳುತ್ತಾನೆ. ದಿನಕ್ಕೊಂದು ವಾಕ್ಯ ಓದುವುದು ಒಳ್ಳೆಯದೇ, ಆದರೆ ಅದು ಇಡೀ ಗ್ರಂಥದ ಓದಿಗೆ ಬದಲಿಯಾಗಲಾರದು. ಕೂಡಿ ಬಾಳುವವರು ಬೆಳಿಗ್ಗೆ ಸಂಜೆ ಹಳೆಯ ಒಡಂಬಡಿಕೆಯಿಂದ ಒಂದು ಅಧ್ಯಾಯವನ್ನಾದರೂ, ಹೊಸದರಿಂದ ಅರ್ಧ ಅಧ್ಯಾಯವನ್ನಾದರೂ ಕೇಳಬೇಕು. ಹಾಗೆ ಸಾಲಾಗಿ ಕೇಳುವವನು ತನ್ನ ಕಥೆಯಿಂದ ಹೊರಬಂದು ಇನ್ನೊಂದು ಕಥೆಯೊಳಗೆ ಹೋಗುತ್ತಾನೆ. ಇಸ್ರಾಯೇಲಿನ ಜೊತೆ ಕೆಂಪು ಸಮುದ್ರ ದಾಟುತ್ತಾನೆ, ಮರಳುಗಾಡಿನಲ್ಲಿ ಗೊಣಗುತ್ತಾನೆ, ಸೆರೆಗೆ ಹೋಗುತ್ತಾನೆ. ಇಂದು ದೇವರು ನನಗೇನು ಹೇಳುತ್ತಾನೆ ಎನ್ನುವುದಕ್ಕಿಂತ ಅಂದು ಇಸ್ರಾಯೇಲಿಗೆ ಏನು ಮಾಡಿದ ಎನ್ನುವುದು ಮುಖ್ಯ ಎಂಬಲ್ಲಿಗೆ ಅವನ ಮಾತು ಮುಟ್ಟುತ್ತದೆ. ನಮ್ಮ ಕಾಲದ ಭಕ್ತನಿಗೆ ಇದಕ್ಕಿಂತ ಕಹಿಯಾದ ಮಾತು ಬೇರೆ ಇರಲಾರದು.

ಶೋಧನೆಯ ಬಗ್ಗೆ ಅವನು ಬೇರೆಡೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಆದಿಕಾಂಡದ ಮೊದಲ ಅಧ್ಯಾಯಗಳ ಮೇಲೆ ಮಾಡಿದ ಉಪನ್ಯಾಸಗಳಲ್ಲಿ, ಏದೆನ್ ತೋಟದ ಸರ್ಪ ಕೇಳುವ ಪ್ರಶ್ನೆಯನ್ನು ಅವನು ಭಕ್ತಿಯ ವೇಷದ ಪ್ರಶ್ನೆಯೆಂದು ಗುರುತಿಸುತ್ತಾನೆ. ಸರ್ಪ ದೇವರನ್ನು ಬೈಯುವುದಿಲ್ಲ. ದೇವರು ನಿಜವಾಗಿ ಹೀಗೆ ಹೇಳಿದನೇ ಎಂದು ವಿಚಾರಿಸುತ್ತದೆ. ದೇವರ ಪಕ್ಷ ವಹಿಸಿಕೊಂಡಂತೆಯೇ ಮಾತಿಗಿಳಿಯುತ್ತದೆ. ಮುಂದೆ ತನ್ನ ಹಳೆಯ ಶಿಷ್ಯರಿಗೆ ಶೋಧನೆಯ ಬಗ್ಗೆ ಮಾಡಿದ ಬೈಬಲ್ ಅಧ್ಯಯನದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಆಸೆ ಹೊತ್ತಿಕೊಂಡ ಗಳಿಗೆಯಲ್ಲಿ ಮನುಷ್ಯನಲ್ಲಿ ದೇವರ ಮೇಲೆ ದ್ವೇಷ ಹುಟ್ಟುವುದಿಲ್ಲ, ದೇವರ ಮರೆವು ಬರುತ್ತದೆ. ತೂಗಿ ನೋಡುವ ಶಕ್ತಿಯೇ ಕೈಬಿಟ್ಟು ಹೋಗುತ್ತದೆ. ನನ್ನ ಪರಿಸ್ಥಿತಿಯೇ ಬೇರೆ, ನನಗೆ ಇದು ಸಲ್ಲುತ್ತದೆ ಎಂಬ ವಾದ ತಾನಾಗಿ ಎದ್ದು ನಿಲ್ಲುತ್ತದೆ.

ಲಂಚದ ಲಕೋಟೆ ಮುಂದಿಟ್ಟುಕೊಂಡ ಗುಮಾಸ್ತನಾಗಲಿ, ಸುಳ್ಳು ಸುದ್ದಿಯನ್ನು ಹತ್ತು ಜನಕ್ಕೆ ಕಳಿಸಲು ಬೆರಳೆತ್ತಿದ ಗೃಹಸ್ಥನಾಗಲಿ, ಆ ಕ್ಷಣದಲ್ಲಿ ದೇವರಿಲ್ಲ ಎಂದು ತೀರ್ಮಾನಿಸಿರುವುದಿಲ್ಲ. ದೇವರು ಆ ಹೊತ್ತಿಗೆ ನೆನಪಾಗಿರುವುದಿಲ್ಲ, ಅಷ್ಟೇ. ಜೊತೆಗೆ ಒಂದು ಸಮರ್ಥನೆ ಮಾತ್ರ ಚೆನ್ನಾಗಿ ನೆನಪಾಗುತ್ತದೆ: ಮಗಳ ಫೀಸು ಕಟ್ಟಬೇಕಲ್ಲ, ನಮ್ಮವರ ಒಳ್ಳೆಯದಕ್ಕೇ ತಾನೇ. ಶೋಧನೆಗೆ ಒಳಗಾಗುವುದೂ ಸತ್ಯ ಕಾಣದಾಗುವುದೂ ಎರಡು ಬೇರೆ ಸಂಗತಿಗಳೆಂಬಂತೆ ನಮ್ಮ ಪ್ರಸಂಗಗಳು ಮಾತಾಡುತ್ತವೆ. ಬಾನ್‌ಹೋಫರನಲ್ಲಿ ಎರಡೂ ಒಂದೇ. ಮೊದಲು ಕಣ್ಣು ಮಂಜಾಗುತ್ತದೆ, ಆಮೇಲೆ ಕೈ ಚಾಚುತ್ತದೆ.

ಹಾಗಾದರೆ ಓದು ಮಾಡುವ ಕೆಲಸವೇನು? ಆ ಗಳಿಗೆಯಲ್ಲಿ ಪುಸ್ತಕ ತೆರೆಯುವವರು ಯಾರೂ ಇಲ್ಲ. ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವಿನ ಕೈಯಲ್ಲೂ ಸುರುಳಿ ಇರಲಿಲ್ಲ. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಅವನು ಸೈತಾನನಿಗೆ ಕೊಡುವ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು, ಅದರ ಆರು ಮತ್ತು ಎಂಟನೆಯ ಅಧ್ಯಾಯಗಳವು. ಅವು ಚೆದುರಿದ ವಚನಗಳಲ್ಲ. ಮರಳುಗಾಡಿನಲ್ಲಿ ಹಸಿದು, ಗೊಣಗಿ, ದೇವರನ್ನು ಪರೀಕ್ಷಿಸಿ ಸೋತ ಒಂದು ಜನಾಂಗಕ್ಕೆ ಅದರ ಕಥೆಯನ್ನು ನೆನಪಿಸುವ ಒಂದೇ ಮಾತುಕತೆಯ ತುಣುಕುಗಳು. ಹಸಿದ ಯೇಸು ಹಸಿದವರ ಆ ಕಥೆಯನ್ನು ಪೂರ್ತಿಯಾಗಿ ಬಲ್ಲ. ಅದಕ್ಕೇ ತಾನು ಎಲ್ಲಿ ನಿಂತಿದ್ದೇನೆಂದು ಅವನಿಗೆ ಗೊತ್ತಾಗುತ್ತದೆ.

ಸೈತಾನನಿಗೂ ಗ್ರಂಥ ಗೊತ್ತಿದೆ. ದೇವಾಲಯದ ತುದಿಯಲ್ಲಿ ನಿಲ್ಲಿಸಿ ಅವನು ಎತ್ತುವುದು 91ನೆಯ ಕೀರ್ತನೆಯನ್ನು: ದೂತರು ಬಂದು ಕಾಲು ಕಲ್ಲಿಗೆ ತಗಲದಂತೆ ಎತ್ತಿಕೊಳ್ಳುವರೆಂಬ ಮಾತನ್ನು. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾಗಿರುವ, ಗೋಡೆಗೆ ತೂಗುಹಾಕಿರುವ ಕೀರ್ತನೆ ಅದು. ಮೂಲದಲ್ಲಿ ಆ ಮಾತಿನ ಮರುವಚನ ಸಿಂಹವನ್ನೂ ಸರ್ಪವನ್ನೂ ತುಳಿದು ನಡೆಯುವುದನ್ನು ಹೇಳುತ್ತದೆ. ಅಲ್ಲಿಗೆ ಬರುವ ಮುನ್ನವೇ ಸೈತಾನ ನಿಲ್ಲಿಸುತ್ತಾನೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಆಯ್ಕೆಯಲ್ಲಿದೆ ಮೋಸ. ವಾಕ್ಯ ಗೊತ್ತಿದ್ದರೆ ಸಾಕು ಎಂದು ನಂಬಿದವನು ಆ ಗೋಪುರದ ಮೇಲೆ ಸೋಲುತ್ತಾನೆ, ಏಕೆಂದರೆ ಅಲ್ಲಿ ಇಬ್ಬರ ಬಾಯಲ್ಲೂ ವಾಕ್ಯವಿದೆ.

ಇದನ್ನು ನಮ್ಮ ಊರುಗಳ ಒಂದು ಆಚರಣೆಗೆ ಹಚ್ಚಿ ನೋಡದೆ ಮುಂದೆ ಹೋಗಲಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಭಾಷಿಕ ಪಯಟಿಸ್ಟ್ ಭಕ್ತಿಪರಂಪರೆಯ ಮಕ್ಕಳು. ದಿನವೂ ಮನೆಮಂದಿಯೆಲ್ಲ ಕೂತು ಓದಿ ಪ್ರಾರ್ಥಿಸುವುದು ಅವರ ರಕ್ತದಲ್ಲೇ ಇತ್ತು. ಕರಾವಳಿಯ, ಧಾರವಾಡ ಕಡೆಯ ಎಷ್ಟೋ ಕುಟುಂಬಗಳಲ್ಲಿ ಊಟಕ್ಕೆ ಮುಂಚಿನ ಕುಟುಂಬ ಪ್ರಾರ್ಥನೆ ಇಂದಿಗೂ ಉಳಿದಿದೆ. ಉಳಿದ ಕಡೆಯೆಲ್ಲ ಅಧ್ಯಾಯದ ಜಾಗಕ್ಕೆ ವಾಕ್ಯ ಬಂದು ಕೂತಿದೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ವಾಕ್ಯ, ಬೆಳಗಾದರೆ ವಾಟ್ಸ್ಯಾಪಿನಲ್ಲಿ ಹೂವಿನ ಚಿತ್ರದ ಮೇಲೊಂದು ವಾಕ್ಯ, ಡಿಸೆಂಬರ್ 31ರ ರಾತ್ರಿ ಆರಾಧನೆಯ ಕೊನೆಗೆ ತಟ್ಟೆಯಲ್ಲಿ ಬರುವ ವಾಗ್ದಾನದ ಚೀಟಿ. ಚೀಟಿಯಲ್ಲಿ ಶಾಪದ ವಾಕ್ಯ ಬಂತೆಂದು ಹೇಳಿದವರು ಯಾರೂ ಇಲ್ಲ, ಏಕೆಂದರೆ ಅಂಥ ವಾಕ್ಯ ತಟ್ಟೆಗೇ ಬರುವುದಿಲ್ಲ. ಬಡತನ, ಕಾಯಿಲೆ, ಮಕ್ಕಳ ಕೆಲಸದ ಚಿಂತೆಯಲ್ಲಿ ವರ್ಷ ಕಳೆದವರು ಆ ಚೀಟಿಯನ್ನು ಎದೆಗೊತ್ತಿಕೊಳ್ಳುವುದನ್ನು ನೋಡಿದವರು ಅದನ್ನು ಹಗುರವಾಗಿ ಆಡಿಕೊಳ್ಳಲಾರರು. ಆ ಹಂಬಲ ನಿಜವಾದದ್ದು. ಅದಕ್ಕೆ ಸಭೆ ಕೊಡುತ್ತಿರುವುದು ಸಾಲದು ಎನ್ನುವುದೇ ನನ್ನ ದೂರು.

ಆ ಚೀಟಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ: ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನ. ದೇವರ ಆಲೋಚನೆಗಳು ಕೇಡಿನವಲ್ಲ, ಹಿತದವು, ಮುಂದಿನ ಕಾಲಕ್ಕೆ ನಿರೀಕ್ಷೆ ಕೊಡುವಂಥವು ಎಂಬ ಅರ್ಥದ ಮಾತು. ಪರೀಕ್ಷೆ ಬರೆಯುವ ಹುಡುಗಿಯ ಕಂಪಾಸ್ ಪೆಟ್ಟಿಗೆಯಲ್ಲೂ, ಹೊಸ ಮನೆಯ ಬಾಗಿಲ ಮೇಲೂ ಅದಿದೆ. ಈಗ ಅದರ ಹಿಂದಿನ ವಚನ ಓದಬೇಕು. ಅಲ್ಲಿ ಎಪ್ಪತ್ತು ವರ್ಷ ಎಂದಿದೆ. ಬಾಬೆಲಿಗೆ ಸೆರೆಹೋದವರಿಗೆ ಯೆರೂಸಲೇಮಿನಿಂದ ಯೆರೆಮೀಯ ಬರೆದ ಕಾಗದವದು. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತಾನೆ. ಅಂದರೆ ಕಾಗದ ಓದಿದ ದೊಡ್ಡವರು ಊರಿಗೆ ಮರಳುವುದಿಲ್ಲ. ಆ ವಾಗ್ದಾನ ಕೈಗೂಡುವುದನ್ನು ಅವರು ಕಣ್ಣಾರೆ ಕಾಣುವುದಿಲ್ಲ.

ಇನ್ನೂ ಹಿಂದಕ್ಕೆ, 28ನೆಯ ಅಧ್ಯಾಯಕ್ಕೆ ಹೋಗೋಣ. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಯಾಜಕರ, ಜನರ ಎದುರಿಗೆ ನಿಂತು ಎರಡೇ ವರ್ಷದೊಳಗೆ ಎಲ್ಲರೂ ಹಿಂತಿರುಗುತ್ತಾರೆ, ದೇವಾಲಯದ ಪಾತ್ರೆಗಳೂ ಬರುತ್ತವೆ ಎಂದು ಸಾರುತ್ತಾನೆ. ಅವನೂ ಕರ್ತನ ಹೆಸರಿನಲ್ಲೇ ಮಾತಾಡುತ್ತಾನೆ. ಯೆರೆಮೀಯನ ಮೊದಲ ಉತ್ತರ ಆಮೆನ್. ಹಾಗೆಯೇ ಆಗಲಿ ಎನ್ನುತ್ತಾನೆ, ಮನಸಾರೆ. ಆದರೆ ನಮಗಿಂತ ಮುಂಚಿನ ಪ್ರವಾದಿಗಳು ಯುದ್ಧವನ್ನೂ ಕೇಡನ್ನೂ ನುಡಿದವರು, ಸಮಾಧಾನ ನುಡಿಯುವವನ ಮಾತು ನಡೆದ ಮೇಲಷ್ಟೇ ಅವನು ನಿಜವಾದ ಪ್ರವಾದಿಯೆಂದು ತಿಳಿಯುತ್ತದೆ ಎಂದು ಸೇರಿಸುತ್ತಾನೆ. ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯ ತೆಗೆದು ಮುರಿದೇ ಹಾಕುತ್ತಾನೆ. ಜನ ಏನು ಮಾಡಿದರೋ ಗ್ರಂಥ ಹೇಳುವುದಿಲ್ಲ. ಯೆರೆಮೀಯ ಒಂದು ಮಾತೂ ಆಡದೆ ತನ್ನ ದಾರಿ ಹಿಡಿದು ಹೋಗುತ್ತಾನೆ. ಮುರಿದ ಮರದ ನೊಗದ ಬದಲು ಕಬ್ಬಿಣದ ನೊಗ ಬರುತ್ತದೆಂಬ ಮಾತು ಅವನಿಗೆ ಆಮೇಲೆ, ಕಾಲ ಕಳೆದ ಮೇಲೆ ಬರುತ್ತದೆ. ಅದೇ ವರ್ಷ ಹನನ್ಯ ಸಾಯುತ್ತಾನೆ.

ಸತ್ಯವನ್ನು ಹೇಗೆ ಗುರುತಿಸುವುದು ಎಂಬುದರ ಮೇಲೆ ಇಡೀ ಬೈಬಲಿನಲ್ಲಿ ಇದಕ್ಕಿಂತ ನಿಖರವಾದ ದೃಶ್ಯವನ್ನು ನಾನು ಕಾಣೆ. ಸುಳ್ಳು ಪ್ರವಾದಿ ಹೇಳುವುದು ಒಳ್ಳೆಯ ಸುದ್ದಿ. ಅದನ್ನು ಬೇಗ ನಡೆಯುತ್ತದೆಂದು ಹೇಳುತ್ತಾನೆ. ನಾಟಕೀಯವಾಗಿ, ಎಲ್ಲರೆದುರು ಹೇಳುತ್ತಾನೆ. ನಿಜವಾದ ಪ್ರವಾದಿಗೂ ಅದೇ ಸುದ್ದಿ ಬೇಕು, ಆದರೆ ತನಗೆ ಬೇಕೆಂಬ ಕಾರಣಕ್ಕೆ ಅದನ್ನು ನಂಬುವುದಿಲ್ಲ. ಹಿಂದಿನವರು ಏನು ಹೇಳಿದ್ದರು ಎಂದು ನೋಡುತ್ತಾನೆ, ಉತ್ತರವಿಲ್ಲದಿದ್ದರೆ ಸುಮ್ಮನಾಗುತ್ತಾನೆ, ಕಾಯುತ್ತಾನೆ. ಈ ಅಧ್ಯಾಯವನ್ನು ಬಿಟ್ಟು ಮುಂದಿನ ಅಧ್ಯಾಯದ ಒಂದೇ ವಚನವನ್ನು ಎತ್ತಿ, ಈ ವರ್ಷವೇ ನಿನಗೆ ಶುಭವಾಗುತ್ತದೆ ಎಂದು ಕೊಟ್ಟಾಗ ಯೆರೆಮೀಯನ ಬಾಯಲ್ಲಿ ನಾವು ಹನನ್ಯನ ಮಾತಾಡಿಸುತ್ತಿದ್ದೇವೆ. ಬೇಡವಾದ ಅಧ್ಯಾಯವೇ ಬೇಕಾದ ವಾಕ್ಯದ ನಿಜವಾದ ಅರ್ಥವನ್ನು ಕಾಯ್ದುಕೊಂಡು ಕೂತಿರುತ್ತದೆ.

ಆರಿಸಿ ಓದುವುದು ಆಡಳಿತದ ನೀತಿಯಾದಾಗ ಏನಾಗುತ್ತದೆಂಬುದಕ್ಕೂ ಇತಿಹಾಸದಲ್ಲಿ ಉದಾಹರಣೆಗಳಿವೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಬೈಬಲಿನ ಆಯ್ದ ಭಾಗಗಳನ್ನು ಅಚ್ಚು ಹಾಕಿದರು. ಅದರಲ್ಲಿ ಐಗುಪ್ತದ ದಾಸತ್ವದಿಂದ ಇಸ್ರಾಯೇಲ್ಯರು ಬಿಡುಗಡೆಯಾದ ಕಥೆ ಇರಲಿಲ್ಲ. ಬಾನ್‌ಹೋಫರನ ಪುಸ್ತಕ ಹೊರಬಂದ 1939ರಲ್ಲೇ, ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ವಾರ್ಟ್‌ಬುರ್ಗ್ ಕೋಟೆಯಲ್ಲಿ, ಜರ್ಮನ್ ಸಭೆಯಿಂದ ಯೆಹೂದ್ಯ ಪ್ರಭಾವವನ್ನು ಅಳಿಸುವುದೇ ಗುರಿಯಾದ ಒಂದು ಸಂಸ್ಥೆಯ ಉದ್ಘಾಟನೆಯಾಯಿತು. ಅದರ ವಿದ್ವತ್ ನಾಯಕ ವಾಲ್ಟರ್ ಗ್ರುಂಡ್‌ಮನ್ ಹೊಸ ಒಡಂಬಡಿಕೆಯ ಪಂಡಿತ. ಮರುವರ್ಷ ಆ ಸಂಸ್ಥೆ ಯೆಹೂದ್ಯ ಗುರುತುಗಳನ್ನು ಕಿತ್ತುಹಾಕಿದ ಹೊಸ ಒಡಂಬಡಿಕೆಯೊಂದನ್ನು ಪ್ರಕಟಿಸಿತು. ಇವರು ಬೈಬಲ್ ಓದದವರಲ್ಲ, ನಮಗಿಂತ ಹೆಚ್ಚು ಓದಿದವರು. ಅರಣ್ಯದ ಶೋಧನೆಯನ್ನು ಒಮ್ಮೆ ನೆನೆದರೆ ಅವರ ಯೋಜನೆ ಎಷ್ಟು ಭಯಂಕರವೆಂದು ತಿಳಿಯುತ್ತದೆ. ಮೋಶೆಯ ಗ್ರಂಥವನ್ನು ಕಿತ್ತುಕೊಂಡರೆ ಸೈತಾನನ ಎದುರು ಯೇಸುವಿನ ಬಾಯಲ್ಲಿ ಒಂದು ಉತ್ತರವೂ ಉಳಿಯುವುದಿಲ್ಲ.

ಬಾನ್‌ಹೋಫರನೇನೂ ಮೊದಲಿನಿಂದ ಎಲ್ಲವನ್ನೂ ಸರಿಯಾಗಿ ಕಂಡವನಲ್ಲ. 1933ರಲ್ಲಿ ಯೆಹೂದ್ಯರ ಪ್ರಶ್ನೆಯ ಬಗ್ಗೆ ಬರೆದ ಲೇಖನದಲ್ಲಿ, ಸರ್ಕಾರದ ಚಕ್ರಕ್ಕೇ ಅಡ್ಡ ನಿಲ್ಲಬೇಕಾದೀತು ಎಂಬ ದಿಟ್ಟ ಮಾತಿನ ಜೊತೆಗೇ, ಕ್ರಿಸ್ತನನ್ನು ಶಿಲುಬೆಗೇರಿಸಿದ ಜನ ಶಾಪ ಹೊತ್ತು ಅಲೆಯಬೇಕು ಎಂಬ ಹಳೆಯ ವಿಷವೂ ಇದೆ. ಅವನನ್ನು ಮೆಚ್ಚುವವರು ಆ ಸಾಲುಗಳನ್ನು ದಾಟಿ ಹೋಗುತ್ತಾರೆ. ಹಾಗೆ ದಾಟಿ ಹೋಗುವುದೂ ಬೇಕಾದ್ದನ್ನು ಆರಿಸಿ ಓದುವುದೇ.

ಐದು ವರ್ಷದ ಮೇಲೆ, 1938ರ ನವೆಂಬರ್ 9ರ ರಾತ್ರಿ, ಜರ್ಮನಿಯ ಉದ್ದಗಲಕ್ಕೂ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಬಿತ್ತು. ಬಾನ್‌ಹೋಫರ್ ದಿನವೂ ಬಳಸುತ್ತಿದ್ದ ಬೈಬಲಿನಲ್ಲಿ, 74ನೆಯ ಕೀರ್ತನೆಯ ಎಂಟನೆಯ ವಚನದ ಪಕ್ಕ, ಅವನ ಕೈಬರಹದಲ್ಲಿ ಆ ತಾರೀಕಿದೆ: 9.11.38. ದೇಶದಲ್ಲಿರುವ ದೇವರ ಸಭಾಸ್ಥಾನಗಳನ್ನೆಲ್ಲ ಸುಟ್ಟುಬಿಟ್ಟರೆಂದು ದುಃಖಿಸುವ ವಚನವದು. ಅವನ ಬೈಬಲಿನಲ್ಲಿ ತಾರೀಕು ಬರೆದಿಟ್ಟ ಜಾಗಗಳು ತೀರ ಕಡಿಮೆ ಎಂದು ಬೆಟ್ಗೆ ಹೇಳುತ್ತಾನೆ. ಅದೇ ತಿಂಗಳು ಹಳೆಯ ಶಿಷ್ಯರಿಗೆ ಕಳಿಸಿದ ಸುತ್ತೋಲೆಯಲ್ಲಿ, ಈಚಿನ ದಿನಗಳಲ್ಲಿ ತಾನು ಆ ಕೀರ್ತನೆಯನ್ನೂ, ದೇವಜನರನ್ನು ಮುಟ್ಟಿದವನು ದೇವರ ಕಣ್ಣುಗುಡ್ಡೆಯನ್ನೇ ಮುಟ್ಟುತ್ತಾನೆಂಬ ಜೆಕರ್ಯನ ಮಾತನ್ನೂ, ರೋಮಾಪುರದವರಿಗೆ ಬರೆದ ಪತ್ರದ 9 ಮತ್ತು 11ನೆಯ ಅಧ್ಯಾಯಗಳನ್ನೂ ಬಹಳವಾಗಿ ಯೋಚಿಸುತ್ತಿದ್ದೇನೆಂದು ತಿಳಿಸುತ್ತಾನೆ. ಇದು ಯೆಹೂದ್ಯರ ಮೇಲಿನ ಶಾಪ ಫಲಿಸಿದ್ದು ಎಂದು ಕೆಲವು ಶಿಷ್ಯರು ಆಡಿಕೊಂಡಾಗ ಅವನು ಅದನ್ನು ಖಂಡತುಂಡವಾಗಿ ನಿರಾಕರಿಸಿದನೆಂದು ಅಲ್ಲಿದ್ದವರು ನೆನೆದಿದ್ದಾರೆ.

1933ರ ಮನುಷ್ಯ 1938ರ ಮನುಷ್ಯನಾದದ್ದು ಬರೀ ಓದಿನಿಂದ ಎಂದು ಹೇಳಿದರೆ ಅತಿಯಾದೀತು. ಸೋದರಿಯ ಮನೆ ಖಾಲಿಯಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಅಂಥದ್ದನ್ನು ಕಂಡವರೆಲ್ಲ ಬದಲಾಗಲಿಲ್ಲ. ಕೀರ್ತನೆಗಳನ್ನು ಸರದಿ ಪ್ರಕಾರ ವರ್ಷಗಟ್ಟಲೆ ಓದುತ್ತಾ ಬಂದವನಿಗೆ, ಹೊತ್ತಿ ಉರಿಯುವ ಆ ಕಟ್ಟಡಗಳು ಯಾರದೋ ಅಲ್ಲ, ದೇವರವು ಎಂದು ಹೇಳಲು ಒಂದು ವಚನ ಕಾದಿತ್ತು. ಸುಖದ ದಿನಗಳಲ್ಲಿ 74ನೆಯ ಕೀರ್ತನೆಯನ್ನು ಯಾರು ಆರಿಸಿಕೊಂಡು ಓದುತ್ತಾರೆ? ಅದು ಯಾವ ವಾಗ್ದಾನದ ಚೀಟಿಗೂ ಬರುವುದಿಲ್ಲ. ಸರದಿ ಬಂದಾಗಲೆಲ್ಲ ಇಷ್ಟವಿರಲಿ ಇಲ್ಲದಿರಲಿ ಓದಿದವನಿಗಷ್ಟೇ ಅದು ಬೇಕಾದ ರಾತ್ರಿಯಲ್ಲಿ ಒದಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ದಿನದ ವಾಕ್ಯ ಸಾಲದೆಂದು ಬರೆದ ಬಾನ್‌ಹೋಫರ್ ಸ್ವತಃ ದಿನದ ವಾಕ್ಯ ಓದುತ್ತಿದ್ದ. ಹೆರ್ನ್‌ಹೂಟ್‌ನ ಮೊರಾವಿಯನ್ ಸಹೋದರರು 1731ರಿಂದ ವರ್ಷವರ್ಷವೂ ಅಚ್ಚು ಹಾಕುತ್ತಾ ಬಂದಿರುವ, ಹಳೆಯ ಒಡಂಬಡಿಕೆಯ ವಾಕ್ಯಗಳನ್ನು ಚೀಟಿ ಎತ್ತಿ ಆರಿಸುವ ಪುಸ್ತಿಕೆ ಅವನ ಜೊತೆಗೇ ಇರುತ್ತಿತ್ತು. 1939ರ ಜೂನಿನಲ್ಲಿ ಸ್ನೇಹಿತರು ಅವನನ್ನು ಯುದ್ಧದಿಂದ ಪಾರು ಮಾಡಲು ನ್ಯೂಯಾರ್ಕಿಗೆ ಕರೆಸಿಕೊಂಡಿದ್ದರು. ಜೂನ್ 26ರಂದು ಓದಿದ ಭಾಗದಲ್ಲಿ, ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲ ತಿಮೊಥೆಯನಿಗೆ ಬರೆದ ಮಾತು ಸಿಕ್ಕಿತು. ದಿನವಿಡೀ ಅದು ಅವನನ್ನು ಬಿಡಲಿಲ್ಲ. ಅದನ್ನು ತನಗೇ ಹೇಳಿದ್ದೆಂದು ತಿಳಿದರೆ ಗ್ರಂಥದ ದುರುಪಯೋಗವಾಗದು ಎಂದು ದಿನಚರಿಯಲ್ಲಿ ಬರೆದುಕೊಂಡ. ಜುಲೈನಲ್ಲಿ ಹಡಗು ಹತ್ತಿ ಜರ್ಮನಿಗೆ ಮರಳಿದ. ಮರಳಿದ್ದಕ್ಕೆ 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿನ ಬೆಲೆ ತೆತ್ತ.

ಭಕ್ತಿಕಥೆಗಳಲ್ಲಿ ಇದು ವಾಕ್ಯ ದಾರಿ ತೋರಿಸಿದ ಪವಾಡವಾಗಿ ಬರುತ್ತದೆ. ದಿನಚರಿಯ ತಾರೀಕುಗಳು ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ ಉಳಿಯುವ ಕೆಲಸವನ್ನು ಅವನು ನಿರಾಕರಿಸಿದ್ದು ಜೂನ್ 20ರಂದು, ಆ ವಾಕ್ಯ ಸಿಗುವುದಕ್ಕೆ ಆರು ದಿನ ಮೊದಲು. ಯಾಕೆ ನಿರಾಕರಿಸಿದೆ ಎಂಬುದು ಅಂದು ಅವನಿಗೇ ಸ್ಪಷ್ಟವಿರಲಿಲ್ಲ. ತನ್ನ ಉದ್ದೇಶಗಳು ತನಗೇ ಪೂರ್ತಿ ತಿಳಿಯವು ಎಂಬ ಅಳುಕನ್ನು ಬರೆದಿಟ್ಟಿದ್ದಾನೆ. ವಾಕ್ಯ ಅವನ ಬದಲಿಗೆ ನಿರ್ಧಾರ ಮಾಡಲಿಲ್ಲ. ಇನ್ನೂ ಒಂದು ಮಾತು: ಆ ವಾಕ್ಯ ಅವನನ್ನು ಕರೆದದ್ದು ಸುರಕ್ಷಿತ ಜಾಗದಿಂದ ಅಪಾಯದ ಕಡೆಗೆ. ವಾಕ್ಯದಲ್ಲಿ ಕೇಳಿಸುವುದು ನನ್ನ ಆಸೆಯ ದನಿಯೋ ಬೇರೆಯವನ ದನಿಯೋ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ. ನಾನೇ ಹುಡುಕಿಕೊಂಡ ದೇವರು ಯಾವಾಗಲೂ ನನಗೆ ಒಪ್ಪುವಂಥವನೇ ಆಗಿರುತ್ತಾನೆ ಎಂಬರ್ಥದ ಮಾತನ್ನು ಅವನು 1936ರಲ್ಲೇ ತನ್ನ ಭಾವನಿಗೆ ಬರೆದಿದ್ದ.

ಇಷ್ಟು ಮೆಚ್ಚಿದ ಮೇಲೂ ಈ ಓದಿನ ಶಿಸ್ತಿಗೆ ಮಿತಿಗಳಿವೆ ಎನ್ನಲೇಬೇಕು. 1938ರಲ್ಲಿ ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಸಭೆಯ ಆಡಳಿತ ಪಾಲಕರನ್ನು ಕೇಳಿದಾಗ, ನಾಜಿಗಳನ್ನು ವಿರೋಧಿಸಿ ನಿಂತಿದ್ದ ಕನ್ಫೆಸಿಂಗ್ ಚರ್ಚಿನ ಪಾಲಕರಲ್ಲೂ ಬಹುಪಾಲು ಜನ ಪ್ರಮಾಣ ಮಾಡಿದರು. ಅವರೂ ದಿನಾ ಬೈಬಲ್ ಓದುತ್ತಿದ್ದವರೇ. ಓದು ಧೈರ್ಯವನ್ನು ತಾನಾಗಿ ತಂದುಕೊಡುವುದಿಲ್ಲ. ಧ್ಯಾನದ ಹೊತ್ತಿನಲ್ಲಿ ವ್ಯಾಖ್ಯಾನ ಬೇಡ ಎಂಬ ನಿಯಮವನ್ನು ದೇವಶಾಸ್ತ್ರ ಅರೆದು ಕುಡಿದ ಪದವೀಧರರಿಗೆ ಹಾಕಿದ್ದು ಸರಿ. ಅದನ್ನೇ ನಮ್ಮ ಹಳ್ಳಿಯ ಸಭೆಯ ಹೊಸ ಓದುಗಾರ್ತಿಗೆ ಹಾಕಿದರೆ, ಹನನ್ಯ ಯಾರೆಂದೇ ತಿಳಿಯದೆ ಅವಳು ಯೆರೆಮೀಯನನ್ನು ಮುಚ್ಚಿಡುತ್ತಾಳೆ. ಕೀರ್ತನೆಗಳೆಲ್ಲ ಕ್ರಿಸ್ತನ ಪ್ರಾರ್ಥನೆಗಳು ಎಂಬ ಅವನ ಓದಿನಲ್ಲಿ ಆಳವಿದೆ, ಆದರೆ ಅವುಗಳನ್ನು ಮೊದಲು ಹಾಡಿದ ಯೆಹೂದ್ಯರ ದನಿ ಕೆಲವೊಮ್ಮೆ ಅಲ್ಲಿ ಕ್ಷೀಣವಾಗುತ್ತದೆ. 74ನೆಯ ಕೀರ್ತನೆಯ ಪಕ್ಕದ ತಾರೀಕು ಅದಕ್ಕೆ ಅವನೇ ಮಾಡಿಕೊಂಡ ತಿದ್ದುಪಡಿಯೆಂದು ನನಗನ್ನಿಸುತ್ತದೆ.

ಒಂಟಿ ಓದಿನ ಮಿತಿಯನ್ನು ಬೈಬಲೇ ಬಚ್ಚಿಡದೆ ತೋರಿಸುತ್ತದೆ. ದಾವೀದನಿಗೆ ಧರ್ಮಶಾಸ್ತ್ರ ಗೊತ್ತಿರಲಿಲ್ಲವೇ? ಬತ್ಷೆಬೆಯನ್ನು ಕರೆಸಿಕೊಳ್ಳುವಾಗಲೂ, ಊರೀಯನನ್ನು ಯುದ್ಧದ ಮುಂಚೂಣಿಗೆ ದೂಡಿಸುವಾಗಲೂ ಅವನಿಗೆ ಯಾವ ಆಜ್ಞೆಯೂ ಅಡ್ಡ ಬರಲಿಲ್ಲ. ಸತ್ಯ ಅವನಿಗೆ ಕಂಡದ್ದು ನಾತಾನನ ಬಾಯಿಂದ, ಅದೂ ಬಡವನ ಒಂದೇ ಒಂದು ಹೆಣ್ಣು ಕುರಿಮರಿಯ ಕಥೆಯಾಗಿ ಬಂದಾಗ. ಅನ್ಯನ ಪಾಪವೆಂದುಕೊಂಡು ತೀರ್ಪು ಕೊಟ್ಟ ಮೇಲಷ್ಟೇ ಅದು ತನ್ನದೆಂದು ತಿಳಿಯಿತು. ಬಾನ್‌ಹೋಫರ್ ಇದನ್ನು ಬಲ್ಲ. ನನ್ನ ಎದೆಯಲ್ಲಿರುವ ಕ್ರಿಸ್ತನಿಗಿಂತ ಸಹೋದರನ ಮಾತಿನಲ್ಲಿ ಬರುವ ಕ್ರಿಸ್ತ ಬಲವುಳ್ಳವನು ಎಂಬ ಅರ್ಥದ ಮಾತು ಅವನ ಪುಸ್ತಕದ ಮೊದಲ ಪುಟಗಳಲ್ಲೇ ಇದೆ. ಫೋನಿನ ಆ್ಯಪಿನಲ್ಲಿ ಒಬ್ಬರೇ ಓದಿ, ಒಬ್ಬರೇ ಸಮಾಧಾನ ಮಾಡಿಕೊಳ್ಳುವ ಇಂದಿನ ಓದಿಗೆ ಇದಕ್ಕಿಂತ ತುರ್ತಾದ ಎಚ್ಚರಿಕೆ ಇಲ್ಲ. ಬೆರೋಯ ಪಟ್ಟಣದವರು ಪೌಲನ ಮಾತು ನಿಜವೋ ಎಂದು ಪ್ರತಿದಿನ ಗ್ರಂಥ ಪರಿಶೀಲಿಸಿದ್ದು ಕೂಡ ಅವರ ಸಭಾಮಂದಿರದಲ್ಲಿ, ನಾಲ್ಕು ಜನರ ನಡುವೆ.

ಕ್ರಮದ ಓದು ಜಡವಾಗುವ ಅಪಾಯವನ್ನೂ ಮರೆಯುವಂತಿಲ್ಲ. ವರ್ಷಕ್ಕೊಮ್ಮೆ ಇಡೀ ಬೈಬಲನ್ನೂ, ಎರಡು ಸಲ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳನ್ನೂ ಓದಿಸುವ ಪ್ರಸಿದ್ಧ ಪಟ್ಟಿಯನ್ನು 1842ರಲ್ಲಿ ತನ್ನ ಸಭೆಗಾಗಿ ಮಾಡಿದವನು ಸ್ಕಾಟ್ಲೆಂಡಿನ ಡಂಡಿಯ ಯುವ ಪಾಲಕ ರಾಬರ್ಟ್ ಮರ್ರೆ ಮಕ್‌ಶೇನ್. ಪಟ್ಟಿಯ ಲಾಭಗಳಿಗಿಂತ ಮೊದಲೇ ಅದರ ಅಪಾಯಗಳನ್ನು ಅವನು ಬರೆದ: ಓದು ಬರಿಯ ರೂಢಿಯಾದೀತು, ಓದಿ ಮುಗಿಸಿದವನಿಗೆ ತಾನೇ ನೀತಿವಂತನೆಂಬ ಭಾವ ಬಂದೀತು, ಓದು ಓಟವಾದೀತು, ಕೆಲವರಿಗೆ ಹೊರಲಾರದ ನೊಗವಾದೀತು. ನಾಜಿಗಳು ಬಂಧಿಸಿದ ಮೇಲೆ ಟೇಗೆಲ್ ಸೆರೆಮನೆಯಿಂದ ಬಾನ್‌ಹೋಫರ್ ಬರೆದ ಕಾಗದಗಳಲ್ಲಿ ಕ್ರಮವೂ ಬಿಡುವೂ ಎರಡೂ ಇವೆ. 1943ರ ನವೆಂಬರಿನಲ್ಲಿ, ಹಳೆಯ ಒಡಂಬಡಿಕೆಯನ್ನು ಎರಡೂವರೆ ಸಲ ಓದಿ ಮುಗಿಸಿದೆ, ತುಂಬ ಕಲಿತೆ ಎನ್ನುತ್ತಾನೆ. 1944ರ ಮಾರ್ಚಿನಲ್ಲಿ, ವಾರಗಟ್ಟಲೆ ಬೈಬಲ್ ಹೆಚ್ಚು ಓದುತ್ತಿಲ್ಲ, ಅದರಿಂದ ತನಗೆ ತಪ್ಪಿತಸ್ಥ ಭಾವವೂ ಇಲ್ಲ, ಮತ್ತೆ ಒಂದು ದಿನ ಹಸಿದವನಂತೆ ಅದರ ಮೇಲೆ ಬೀಳುತ್ತೇನೆಂದು ಗೊತ್ತು ಎನ್ನುತ್ತಾನೆ. ಫಿಂಕನ್‌ವಾಲ್ಡೆಯ ಕಟ್ಟುನಿಟ್ಟಿನ ಗುರುವೇ ಹೀಗೆ ಬರೆದದ್ದು, ಒಂದು ದಿನ ಓದು ತಪ್ಪಿದರೆ ಎದೆ ಒಡೆದುಕೊಳ್ಳುವ ಎಷ್ಟೋ ಭಕ್ತರಿಗೆ ಬಿಡುಗಡೆಯ ಮಾತಾಗಬೇಕು.

ನಮ್ಮ ಸಭೆಗಳು ನಾಳೆಯೇ ಫಿಂಕನ್‌ವಾಲ್ಡೆ ಆಗಬೇಕಿಲ್ಲ. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಯೆರೆಮೀಯನ 28 ಮತ್ತು 29ನೆಯ ಅಧ್ಯಾಯಗಳನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದಲಿ. ಎರಡೂ ಸೇರಿದರೆ 49 ವಚನ, ಹತ್ತು ನಿಮಿಷದ ಓದು. ಹನನ್ಯನ ಭಾಗವನ್ನು ಒಬ್ಬರು, ಯೆರೆಮೀಯನ ಭಾಗವನ್ನು ಇನ್ನೊಬ್ಬರು ಓದಬಹುದು. ಆ ಎಪ್ಪತ್ತು ವರ್ಷಗಳ ಮಾತನ್ನು ಸಭೆಯ ಅತಿ ಹಿರಿಯರೊಬ್ಬರ ಬಾಯಿಂದ ಓದಿಸಬಹುದು. ಅದಾದ ಮೇಲೆ ಚೀಟಿ ಹಂಚುವ ರೂಢಿಯಿದ್ದರೆ ಹಂಚಲಿ, ಪ್ರತಿ ಚೀಟಿಯ ಹಿಂಬದಿಯಲ್ಲಿ ಆ ವಾಕ್ಯ ಬರುವ ಅಧ್ಯಾಯದ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.